ಕೇಪ್ ಬ್ರೆಟನ್ನಿನ ಪಿಟೀಲು ಮತ್ತು ಸಮುದಾಯ ಕುಣಿತ

ಕೆನಡದ ಪೂರ್ವ ಕರಾವಳಿಯಲ್ಲಿ ನೋವಾ ಸ್ಕೋಷಿಯ ಪ್ರಾಂತ್ಯಕ್ಕೆ ಸೇರಿದ ಕೇಪ್ ಬ್ರೆಟನ್ ದ್ವೀಪದ ಹಳ್ಳಿಗಳಲ್ಲಿ, ಸ್ಕಾಟ್ಲೆಂಡಿನ ಬೆಟ್ಟಸೀಮೆಯಿಂದ ವಲಸೆ ಬಂದ ಗೇಲಿಕ್ ಭಾಷಿಕರು ಬೆಳೆಸಿಕೊಂಡು ಬಂದ ವಾದನ ಮತ್ತು ನೃತ್ಯ ಪರಂಪರೆ. ಕರ್ನಾಟಕ ಸಂಗೀತದಲ್ಲಿ ಬಳಕೆಯಲ್ಲಿರುವ ಪಿಟೀಲೇ ಇಲ್ಲಿನ ವಾದ್ಯವೂ ಆಗಿದ್ದರೂ, ಇಲ್ಲಿ ಅದರ ಮೊದಲ ಕೆಲಸ ಕುಣಿಯುವವರ ಹೆಜ್ಜೆಗೆ ಲಯ ಒದಗಿಸುವುದಾಗಿದೆ. ಆದ್ದರಿಂದ ಈ ವಾದನದ ಶೈಲಿಯನ್ನೂ ಏಳುಬೀಳುಗಳನ್ನೂ ಕುಣಿತದಿಂದ ಬೇರ್ಪಡಿಸಿ ವಿವರಿಸಲಾಗದು.

ಹದಿನೆಂಟನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಪಿಟೀಲು ಶ್ರೀಮಂತರ ನೃತ್ಯಶಾಲೆಗಳಿಗೂ ರೈತರ ಮನೆಗಳಿಗೂ ಸಮಾನವಾಗಿ ಸಲ್ಲುವ ವಾದ್ಯವಾಗಿತ್ತು. ಆ ಕಾಲದ ವಾದಕರಲ್ಲಿ ಅತ್ಯಂತ ಹೆಸರಾದವನು ಪರ್ತ್‌ಷೈರಿನ ನೀಲ್ ಗೌ (1727-1807). ಸ್ಪೇ ನದಿಯ ಕಣಿವೆಯಿಂದ ಹೆಸರು ಪಡೆದ ‘ಸ್ಟ್ರಾತ್‌ಸ್ಪೇ’ ಎಂಬ, ಗಿಡ್ಡ ಮತ್ತು ನೀಳ ಸ್ವರಗಳು ತಟಕ್ಕನೆ ಒಂದರ ಮೇಲೊಂದು ಬೀಳುವ ನಡೆ, ಸರಾಗವಾಗಿ ಓಡುವ ‘ರೀಲ್’ ಮತ್ತು ಒಂದೊಂದು ಪೆಟ್ಟನ್ನೂ ಮೂರಾಗಿ ಒಡೆಯುವ ‘ಜಿಗ್’ ಆಗಲೇ ಜನಪ್ರಿಯವಾಗಿದ್ದವು. ಕುರಿ ಸಾಕಣೆಯ ಲಾಭಕ್ಕಾಗಿ ಭೂಮಾಲೀಕರು ಗೇಣಿದಾರರನ್ನು ಒಕ್ಕಲೆಬ್ಬಿಸತೊಡಗಿದಾಗ ಸಾವಿರಾರು ಕುಟುಂಬಗಳು ಅಟ್ಲಾಂಟಿಕ್ ದಾಟಿದವು. ಹತ್ತೊಂಬತ್ತನೆಯ ಶತಮಾನದ ಮೊದಲರ್ಧದಲ್ಲಿ ಕೇಪ್ ಬ್ರೆಟನ್ನಿಗೆ ಬಂದವರು ಅಲ್ಲಿನ ಇನ್ವರ್ನೆಸ್ ಕೌಂಟಿಯ ಮಾಬೂ, ಜೂಡಿಕ್, ಮಾರ್ಗರಿ ಮುಂತಾದೆಡೆ ಕಾಡು ಕಡಿದು ನೆಲೆಸಿದರು.

ಹೊಸ ನೆಲದಲ್ಲಿ ಕುಣಿತಕ್ಕೆ ಪ್ರತ್ಯೇಕ ಸ್ಥಳವಿರಲಿಲ್ಲ. ನೇಯ್ದ ಉಣ್ಣೆಬಟ್ಟೆಯನ್ನು ಮೇಜಿಗೆ ಬಡಿದು ಬಿಗಿಗೊಳಿಸುವುದು, ಮರ ಕಡಿಯುವುದು ಮೊದಲಾದ ಕೆಲಸಗಳಿಗೆ ನೆರೆಹೊರೆಯವರು ಮುಯ್ಯಾಳುಗಳಾಗಿ ಕೂಡುತ್ತಿದ್ದರು. ದುಡಿಮೆ ಮುಗಿದ ಮೇಲೆ ಅಡುಗೆಮನೆಯ ಮರದ ನೆಲವೇ ರಂಗವಾಗುತ್ತಿತ್ತು. ನಾಲ್ವರು ಸ್ಟ್ರಾತ್‌ಸ್ಪೇ ಮತ್ತು ರೀಲ್‌ಗಳಿಗೆ ಕುಣಿಯುವ ‘ಸ್ಕಾಚ್ ಫೋರ್’, ಒಬ್ಬೊಬ್ಬರಾಗಿ ಮುಂದೆ ಬಂದು ಮುಂಡವನ್ನು ನೆಟ್ಟಗಿರಿಸಿ, ಪಾದಗಳನ್ನು ನೆಲದಿಂದ ಹೆಚ್ಚು ಎತ್ತದೆ ಹಿಮ್ಮಡಿ ಮತ್ತು ತುದಿಗಾಲಿನಿಂದ ಲಯ ನುಡಿಸುವ ‘ಸ್ಟೆಪ್ ಡಾನ್ಸ್’ ಹಳೆಯ ಪ್ರಕಾರಗಳು. ವಾದಕನಿಲ್ಲದ ಕಡೆ ‘ಪುರ್ಸ್ಟ್ ಅ ಬೆಯಲ್’ ಎಂಬ ಬಾಯಿಮಟ್ಟುಗಳನ್ನು ಹಾಡಿಕೊಂಡೇ ಕುಣಿಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ನ್ಯೂ ಇಂಗ್ಲೆಂಡಿಗೆ ದುಡಿಯಲು ಹೋಗಿಬಂದವರ ಮೂಲಕ, ಫ್ರಾನ್ಸಿನ ಕ್ವಾಡ್ರಿಲ್ ನೃತ್ಯದಿಂದ ಹುಟ್ಟಿದ ‘ಸ್ಕ್ವೇರ್ ಸೆಟ್’ ಬಂದಿತು. ಜೋಡಿಗಳು ಎದುರುಬದುರಾಗಿಯೂ ವರ್ತುಲವಾಗಿಯೂ ಚಲಿಸುವ ಈ ಕುಣಿತ ಇನ್ವರ್ನೆಸ್ ಕೌಂಟಿಯಲ್ಲಿ ಸಾಮಾನ್ಯವಾಗಿ ಮೂರು ಭಾಗಗಳಲ್ಲಿದ್ದು, ಮೊದಲೆರಡಕ್ಕೆ ಜಿಗ್, ಕೊನೆಯದಕ್ಕೆ ರೀಲ್ ನುಡಿಸಲಾಗುತ್ತದೆ.

ವಾದನದ ಲಕ್ಷಣಗಳು ಈ ಬಳಕೆಯಿಂದಲೇ ರೂಪುಗೊಂಡಿವೆ. ಕುಣಿತ ನಡುವೆ ನಿಲ್ಲಬಾರದಾದ್ದರಿಂದ ವಾದಕ ಒಂದು ಮಟ್ಟನ್ನು ಒಂದೆರಡು ಬಾರಿ ನುಡಿಸಿ, ಬಿಡುವಿಲ್ಲದೆ ಅದೇ ಶ್ರುತಿಯ ಮತ್ತೊಂದಕ್ಕೆ ದಾಟುತ್ತ ಸರಣಿ ಕಟ್ಟುತ್ತಾನೆ. ಒಂದು ದೀರ್ಘಸ್ವರವನ್ನು ಬಿಲ್ಲಿನ ಚುರುಕಾದ ಎಳೆತಗಳಿಂದ ತುಂಡರಿಸುವ ‘ಕಟ್’, ಬ್ಯಾಗ್‌ಪೈಪಿನ ಅಲಂಕಾರಗಳನ್ನು ಹೋಲುವ ಬೆರಳಾಟ, ಕುಳಿತಲ್ಲೇ ಹಿಮ್ಮಡಿಯಿಂದ ಕುಟ್ಟುವ ತಾಳ ಇವು ಇಲ್ಲಿನ ಗುರುತುಗಳು. ಹಿಮ್ಮೇಳಕ್ಕೆ ಮೊದಲು ಕಾಲಿನಿಂದ ಒತ್ತುವ ಆರ್ಗನ್, ಇಪ್ಪತ್ತನೆಯ ಶತಮಾನದಲ್ಲಿ ಪಿಯಾನೊ ಸೇರಿಕೊಂಡವು.

ಚರ್ಚಿನೊಡನೆ ಈ ಪರಂಪರೆಯ ಸಂಬಂಧ ಏಕರೀತಿಯದಾಗಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಮಾಬೂವಿನ ಪಾದ್ರಿಯೊಬ್ಬರು, ಕುಣಿತದ ಕೂಟಗಳು ಕುಡಿತಕ್ಕೆ ದಾರಿ ಮಾಡುತ್ತವೆಂದು ಪಿಟೀಲುಗಳನ್ನು ವಶಪಡಿಸಿಕೊಂಡು ನಾಶಮಾಡಿಸಿದ್ದರೆಂಬುದು ಅಲ್ಲಿನ ಮೌಖಿಕ ಇತಿಹಾಸದಲ್ಲಿ ಉಳಿದಿದೆ. ಮುಂದೆ ಅದೇ ಪ್ರದೇಶದ ಚರ್ಚುಗಳು ತಮ್ಮ ಖರ್ಚಿಗೆ ಹಣ ಕೂಡಿಸಲು ಬಯಲಿನಲ್ಲಿ ಮರದ ಅಟ್ಟಣೆ ಹಾಕಿಸಿ ಕುಣಿತ ಏರ್ಪಡಿಸಿದವು. 1930ರ ದಶಕದಿಂದ ಧ್ವನಿಮುದ್ರಿಕೆಗಳೂ ರೇಡಿಯೋ ಪ್ರಸಾರಗಳೂ ವಿನ್‌ಸ್ಟನ್ ‘ಸ್ಕಾಟಿ’ ಫಿಟ್ಜ್‌ಜೆರಾಲ್ಡ್ ಅಂಥವರ ವಾದನವನ್ನು ಮನೆಮನೆಗೆ ಮುಟ್ಟಿಸಿದವು.

ಗಣಿ ಮತ್ತು ಉಕ್ಕಿನ ಕಾರ್ಖಾನೆಗಳತ್ತ, ಅಲ್ಲಿಂದ ಬಾಸ್ಟನ್ ಮೊದಲಾದ ನಗರಗಳತ್ತ ಯುವಜನ ಹೊರಟುಹೋದಂತೆ ಹಳ್ಳಿಗಳು ತೆಳುವಾದವು, ಗೇಲಿಕ್ ಮಾತೂ ಕುಗ್ಗಿತು. 1970ರ ದಶಕದ ಆರಂಭದಲ್ಲಿ ಕೆನಡದ ಸಾರ್ವಜನಿಕ ಪ್ರಸಾರ ಸಂಸ್ಥೆ ಸಿಬಿಸಿ ಪ್ರಸಾರ ಮಾಡಿದ ಸಾಕ್ಷ್ಯಚಿತ್ರವೊಂದು ಕೇಪ್ ಬ್ರೆಟನ್ನಿನ ಪಿಟೀಲುಗಾರ ಮರೆಯಾಗುತ್ತಿದ್ದಾನೆಂದು ಹೇಳಿದಾಗ ಅದನ್ನು ಒಪ್ಪದ ದ್ವೀಪವಾಸಿಗಳು 1973ರಲ್ಲಿ ಗ್ಲೆಂಡೇಲ್ ಗ್ರಾಮದಲ್ಲಿ ಉತ್ಸವ ನಡೆಸಿ, ನೂರಕ್ಕೂ ಹೆಚ್ಚು ವಾದಕರನ್ನು ಒಂದೇ ವೇದಿಕೆಯಲ್ಲಿ ಕೂರಿಸಿದರು. ಕೇಪ್ ಬ್ರೆಟನ್ ಪಿಟೀಲುಗಾರರ ಸಂಘ ರೂಪುಗೊಂಡದ್ದೂ ಮಕ್ಕಳಿಗೆ ತರಗತಿಗಳು ಹೆಚ್ಚಿದ್ದೂ ಈ ಎಚ್ಚರದಿಂದಲೇ. ರೈಲ್ವೆ ನಿಲ್ದಾಣದಲ್ಲಿ ಉದ್ಯೋಗದಲ್ಲಿದ್ದುಕೊಂಡೇ ದಶಕಗಳ ಕಾಲ ಹಳ್ಳಿಯ ಕುಣಿತಗಳಿಗೆ ನುಡಿಸಿದ ಬಡ್ಡಿ ಮ್ಯಾಕ್‌ಮಾಸ್ಟರ್ (1924-2014) ಈ ಕಾಲದ ಆದರ್ಶ ವಾದಕನೆನಿಸಿದರು. ಅವರ ಸೋದರನ ಮಗಳು ನಟಾಲಿ ಮ್ಯಾಕ್‌ಮಾಸ್ಟರ್ ಮತ್ತು ಪಿಟೀಲುಗಾರ ಆ್ಯಶ್ಲಿ ಮ್ಯಾಕ್‌ಐಸಾಕ್ 1990ರ ದಶಕದಲ್ಲಿ ಈ ಸಂಗೀತವನ್ನು ಅಂತರರಾಷ್ಟ್ರೀಯ ವೇದಿಕೆಗೆ ಒಯ್ದರು. 1997ರಿಂದ ‘ಸೆಲ್ಟಿಕ್ ಕಲರ್ಸ್’ ಉತ್ಸವ ಅಕ್ಟೋಬರ್ ತಿಂಗಳಲ್ಲಿ ನಡೆಯುತ್ತಿದೆ.

ಸ್ಕಾಟ್ಲೆಂಡಿನಲ್ಲಿ ಮರೆಯಾದ ಹಳೆಯ ಶೈಲಿ ಕೇಪ್ ಬ್ರೆಟನ್ನಿನಲ್ಲಿ ಕೆಡದೆ ಉಳಿದಿದೆಯೆಂಬ ನಂಬಿಕೆ ಪ್ರಚಲಿತವಾಗಿದ್ದು, ಇಲ್ಲಿನ ಶಿಕ್ಷಕರು ಸ್ಕಾಟ್ಲೆಂಡಿಗೆ ಹೋಗಿ ಸ್ಟೆಪ್ ಡಾನ್ಸ್ ಕಲಿಸಿದ್ದೂ ಉಂಟು. ಆದರೆ ಸ್ಕ್ವೇರ್ ಸೆಟ್ ಮತ್ತು ಪಿಯಾನೊ ಎರಡೂ ವಲಸೆಯ ನಂತರ ಬಂದು ಸೇರಿದವುಗಳಾದ್ದರಿಂದ, ಇದನ್ನು ಹಳತರ ಯಥಾಪ್ರತಿಯೆನ್ನುವುದಕ್ಕಿಂತ, ಕುಣಿಯುವವರ ಅಗತ್ಯಕ್ಕೆ ತಕ್ಕಂತೆ ಹೊಸದನ್ನು ಒಳಗೊಳ್ಳುತ್ತ ಬಂದ ಪರಂಪರೆಯೆಂದು ಪರಿಗಣಿಸುವುದು ಹೆಚ್ಚು ಸರಿ.