ಹತ್ತನೆಯ ಗೆರೆಯ ಕೆಳಗಿನ ಕೂಸು

ಅಕ್ಕನಿಗೆ ಏಳು ತಿಂಗಳು ತುಂಬಿದಾಗ ಮಾಡಿಸಿದ ಸ್ಕ್ಯಾನಿನ ವರದಿಯನ್ನು ಮನೆಯಲ್ಲಿ ಮೊದಲು ಓದಿದವಳು ನಾನು. ಪಿಎಚ್.ಡಿ. ಮಾಡುತ್ತಿರುವವಳಿಗೆ ಇದೆಲ್ಲ ಅರ್ಥವಾಗಬೇಕು ಎಂದು ಅಮ್ಮ ಹಾಳೆಯನ್ನು ನನ್ನ ಕೈಗೆ ಕೊಟ್ಟಿದ್ದಳು. ಮಗುವಿನ ಹೊಟ್ಟೆಯ ಸುತ್ತಳತೆ ಹತ್ತನೆಯ ಪರ್ಸೆಂಟೈಲ್‌ಗಿಂತ ಕೆಳಗಿದೆ ಎಂದಿತ್ತು. ಕೊನೆಯ ಸಾಲಿನಲ್ಲಿ ನಾಲ್ಕು ಅಕ್ಷರ: ಐಯುಜಿಆರ್. ಸ್ಕ್ಯಾನ್ ಮಾಡಿದವರು ಅಕ್ಕನಿಗೆ ಹೇಳಿದ್ದು ಇಷ್ಟೇ: 'ಬೆಳವಣಿಗೆ ಕುಂಠಿತವಾಗಿದೆ, ಚೆನ್ನಾಗಿ ತಿನ್ನಿ.' ಅಮ್ಮನ ಕಿವಿಗೆ ಕುಂಠಿತ ಎಂಬುದು ಕುಂಟು ಎಂದು ಕೇಳಿಸಿ, 'ಕಾಲಿಗೇನಾದರೂ ಆಗಿದೆಯಾ?' ಎಂದು ಗಾಬರಿಯಾದಳು. ಅಕ್ಕ ಮಾತ್ರ ರಾತ್ರಿ ದೀಪ ಆರಿಸಿದ ಮೇಲೆ ಕೇಳಿದಳು: 'ನಾನೇನು ತಪ್ಪು ಮಾಡಿದೆ?'

ನಾನು ವೈದ್ಯಳಲ್ಲ, ಇತಿಹಾಸದ ವಿದ್ಯಾರ್ಥಿನಿ. ಅವಳ ಪ್ರಶ್ನೆಗೆ ಉತ್ತರ ನನ್ನಲ್ಲಿರಲಿಲ್ಲ. ಆದರೆ ಆ ಪ್ರಶ್ನೆಗೆ ವಯಸ್ಸೆಷ್ಟು ಎಂದು ಹುಡುಕಬಹುದಿತ್ತು. ಕೂಸು ಹುಟ್ಟುವ ಮೊದಲೇ ಅದು ಬೆಳೆಯುತ್ತಿಲ್ಲವೆಂದು ತಿಳಿದು, ಹೆರಿಗೆಯವರೆಗೆ ಆ ತಿಳಿವಳಿಕೆಯನ್ನು ಮಡಿಲಲ್ಲಿಟ್ಟುಕೊಂಡು ದಿನ ದೂಡುವ ತಂದೆತಾಯಿ ಯಾವಾಗಿನಿಂದ ಇದ್ದಾರೆ? ಸೂಲಗಿತ್ತಿಯರ ಕೈಗೆ ಅಂದಾಜು ಸಿಗುತ್ತಿತ್ತು, ನಿಜ. ಅಂಕಿಯಾಗಿ, ಕಾಗದದ ಮೇಲೆ ತಿಳಿಯತೊಡಗಿ ಐವತ್ತು ಚಿಲ್ಲರೆ ವರ್ಷವಾಗಿದೆ ಅಷ್ಟೆ.

ಅದಕ್ಕೂ ಮೊದಲು ತೂಕವೆಂಬುದು ಹುಟ್ಟಿದ ಮೇಲಿನ ಮಾತು. 1919ರಲ್ಲಿ ಫಿನ್‌ಲೆಂಡಿನ ಮಕ್ಕಳ ವೈದ್ಯ ಆರ್ವೊ ಇಲ್ಪೊ 2500 ಗ್ರಾಮಿಗೆ ಒಂದು ಗೆರೆ ಎಳೆದ. ಅದರ ಕೆಳಗಿನವೆಲ್ಲ ಅವಧಿಗೆ ಮುನ್ನ ಹುಟ್ಟಿದವು ಎಂಬ ಲೆಕ್ಕ ಬಹುಕಾಲ ನಡೆಯಿತು. ದಿನ ತುಂಬಿಯೂ ಸಣ್ಣಗಿರುವ ಕೂಸಿಗೆ ಅದರಲ್ಲಿ ಜಾಗವೇ ಇರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಎರಡನ್ನೂ ಬೇರ್ಪಡಿಸಿ 'ಕಡಿಮೆ ಜನನ ತೂಕ' ಎಂಬ ಮಾತು ತಂದದ್ದು 1961ರಲ್ಲಿ. 1963ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ಲೂಲಾ ಲುಬ್ಚೆಂಕೊ ಮತ್ತು ಸಂಗಡಿಗರು ಎಷ್ಟನೆಯ ವಾರಕ್ಕೆ ಎಷ್ಟು ತೂಕ ಎಂಬ ವಕ್ರರೇಖೆಗಳನ್ನು ಪ್ರಕಟಿಸಿದರು. ಅಕ್ಕನ ಹಾಳೆಯಲ್ಲಿದ್ದ ಹತ್ತನೆಯ ಗೆರೆಯ ಬಳಕೆ ಹಬ್ಬಿದ್ದು ಇಂಥ ರೇಖೆಗಳಿಂದ. ನೂರು ಮಕ್ಕಳನ್ನು ತೂಕದ ಸಾಲಿನಲ್ಲಿ ನಿಲ್ಲಿಸಿದರೆ ಕೊನೆಯ ಹತ್ತು ಮಕ್ಕಳು ಅದರ ಕೆಳಗೆ. ನೂರಕ್ಕೆ ನೂರೂ ಆರೋಗ್ಯವಾಗಿದ್ದರೂ ಹತ್ತು ಕೆಳಗಿರಲೇಬೇಕು! ಡೆನ್ವರ್ ಸಮುದ್ರಮಟ್ಟದಿಂದ ಸುಮಾರು 1600 ಮೀಟರ್ ಎತ್ತರದ ಊರು. ಅಂಥ ಎತ್ತರದಲ್ಲಿ ಮಕ್ಕಳು ತುಸು ಸಣ್ಣಗೇ ಹುಟ್ಟುತ್ತವೆ. ಆ ಊರಿನ ರೇಖೆಯೇ ಎಷ್ಟೋ ಊರುಗಳ ಅಳತೆಗೋಲಾಯಿತು.

ಒಳಗಿರುವ ಕೂಸನ್ನು ಅಳೆಯುವ ಉಪಾಯ ಬಂದದ್ದು ಕಾರ್ಖಾನೆಯಿಂದ. ಗ್ಲಾಸ್ಗೋದ ಪ್ರಸೂತಿ ತಜ್ಞ ಇಯಾನ್ ಡೊನಾಲ್ಡ್ 1955ರಲ್ಲಿ ಬಾಯ್ಲರ್ ತಯಾರಿಸುವ ಕಾರ್ಖಾನೆಯೊಂದಕ್ಕೆ ಹೋಗಿ, ಲೋಹದೊಳಗಿನ ಬಿರುಕು ಹುಡುಕುವ ಯಂತ್ರದಡಿ ಶಸ್ತ್ರಚಿಕಿತ್ಸೆಯಲ್ಲಿ ತೆಗೆದ ಗೆಡ್ಡೆಗಳನ್ನಿಟ್ಟು ನೋಡಿದ. ಎಂಜಿನಿಯರ್ ಟಾಮ್ ಬ್ರೌನ್ ಮತ್ತು ವೈದ್ಯ ಜಾನ್ ಮ್ಯಾಕ್‌ವಿಕಾರ್ ಜೊತೆಗೂಡಿ ಅವರು 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಪ್ರಬಂಧ ಬರೆದದ್ದು 1958ರಲ್ಲಿ. ಡೊನಾಲ್ಡ್ ಬಳಿ ಕಲಿತ ಸ್ಟುವರ್ಟ್ ಕ್ಯಾಂಪ್‌ಬೆಲ್ ಕೂಸಿನ ತಲೆಯನ್ನು ಮತ್ತೆ ಮತ್ತೆ ಅಳೆದು, ದಿನಕ್ಕೆ ತಕ್ಕಂತೆ ಬೆಳೆಯದ ಶಿಶುವನ್ನು ಗುರುತಿಸಬಹುದೆಂದು 1971ರಲ್ಲಿ ತೋರಿಸಿದ. 1975ರ ಹೊತ್ತಿಗೆ ಹೊಟ್ಟೆಯ ಸುತ್ತಳತೆಯಿಂದ ತೂಕ ಅಂದಾಜಿಸುವ ಕ್ರಮವೂ ಬಂತು. 1977ರಲ್ಲಿ ಡಬ್ಲಿನ್‌ನ ಫಿಟ್ಜ್‌ಜೆರಾಲ್ಡ್ ಮತ್ತು ಡ್ರಮ್ ಹೊಕ್ಕುಳಬಳ್ಳಿಯ ರಕ್ತದ ಓಟವನ್ನೇ ಶಬ್ದತರಂಗದಿಂದ ಹಿಡಿದರು. ಇವತ್ತಿನ ವರದಿಗಳಲ್ಲಿ 'ಡಾಪ್ಲರ್' ಎಂದಿರುವುದು ಅದರ ಮುಂದುವರಿಕೆ.

ಇಲ್ಲಿಗೆ ಬಂದಾಗ ನನಗೆ ಸಿಟ್ಟು ಬಂತು. ಅಳತೆ ಇಷ್ಟೆಲ್ಲ ನವಿರಾದ ಮೇಲೂ ಹೊಟ್ಟೆಯೊಳಗಿರುವ ಕೂಸನ್ನು ಬೆಳೆಸುವ ಮದ್ದು ಮಾತ್ರ ಸಿಕ್ಕಿಲ್ಲ. ಅನೇಕ ವೇಳೆ ತೊಂದರೆಯಿರುವುದು ಮಾಸಿನಲ್ಲಿ, ಎಂದರೆ ಪ್ಲಾಸೆಂಟಾದಲ್ಲಿ. ಅಲ್ಲಿಂದ ರಕ್ತ ಸಾಕಷ್ಟು ಹರಿಯದಿದ್ದಾಗ ತಾಯಿ ಎಷ್ಟು ತಿಂದರೂ ಕೂಸಿಗೆ ಮುಟ್ಟುವುದು ಅಷ್ಟಕ್ಕಷ್ಟೆ. ಸಿಲ್ಡೆನಾಫಿಲ್ ಔಷಧಿಯಿಂದ ರಕ್ತದ ಓಟ ಹೆಚ್ಚೀತೆಂಬ ಆಸೆಯಿಂದ ಹಲವು ದೇಶಗಳಲ್ಲಿ ಪ್ರಯೋಗ ನಡೆಯಿತು. ನೆದರ್‌ಲೆಂಡ್ಸ್‌ನಲ್ಲಿ ಹುಟ್ಟಿದ ಶಿಶುಗಳು ಶ್ವಾಸಕೋಶದ ತೊಂದರೆಯಿಂದ ಸತ್ತಾಗ 2018ರಲ್ಲಿ ಅಲ್ಲಿನ ಪ್ರಯೋಗ ನಿಲ್ಲಿಸಬೇಕಾಯಿತು. ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ್ದ ಆ ತಾಯಂದಿರೂ ದೀಪ ಆರಿಸಿದ ಮೇಲೆ ಅಕ್ಕನ ಪ್ರಶ್ನೆಯನ್ನೇ ಕೇಳಿಕೊಂಡಿರಬೇಕು. ಇವತ್ತಿಗೂ ವೈದ್ಯರ ಕೈಯಲ್ಲಿರುವ ಮುಖ್ಯ ನಿರ್ಧಾರ ಒಂದೇ: ಕೂಸನ್ನು ಯಾವಾಗ ಹೊರತೆಗೆಯುವುದು. ಬೇಗ ತೆಗೆದರೆ ಶ್ವಾಸಕೋಶ ಹಣ್ಣಾಗಿರುವುದಿಲ್ಲ, ತಡಮಾಡಿದರೆ ಒಳಗೇ ಹೋಗಿಬಿಡಬಹುದು.

ಹೆಸರಿನ ಕಥೆಯೂ ಇದೆ. ಐಯುಜಿಆರ್‌ನ ಕೊನೆಯ ಅಕ್ಷರ ಮೊದಲು 'ರಿಟಾರ್ಡೇಶನ್' ಆಗಿತ್ತು. ತಂದೆತಾಯಂದಿರು ಅದನ್ನು ಬುದ್ಧಿಮಾಂದ್ಯ ಎಂದೇ ಕೇಳಿಸಿಕೊಳ್ಳುತ್ತಿದ್ದರು. ಹಾಗಾಗಿ 1990ರ ದಶಕದಿಂದೀಚೆಗೆ ಅದು ಮೆಲ್ಲಗೆ 'ರಿಸ್ಟ್ರಿಕ್ಷನ್' ಆಯಿತು. ವೈದ್ಯಕೀಯ ನಿಘಂಟನ್ನು ಪೋಷಕರ ಅಳು ತಿದ್ದಿದ ಅಪರೂಪದ ಸಂದರ್ಭ ಇದು. ಕನ್ನಡದ 'ಕುಂಠಿತ'ವನ್ನು ಯಾರೂ ಇನ್ನೂ ತಿದ್ದಿಲ್ಲ.

ನಮ್ಮಲ್ಲಿ ಸಣ್ಣ ಕೂಸು ಎಂದರೆ ಯಾವಾಗಲೂ ಭಯವೇ ಆಗಿತ್ತೆಂದೂ ಹೇಳಲಾಗದು. ಮಾರ್ಕ್ ಮತ್ತು ಮಿಮಿ ನಿಕ್ಟರ್ ಎಂಬ ಮಾನವಶಾಸ್ತ್ರಜ್ಞರು ದಕ್ಷಿಣ ಕನ್ನಡದ ಬಸುರಿಯರ ಊಟೋಪಚಾರದ ಬಗ್ಗೆ 1983ರಲ್ಲಿ ಬರೆದ ಪ್ರಬಂಧದಲ್ಲಿ, ಕೂಸು ಸಣ್ಣಗಿದ್ದರೇ ಒಳ್ಳೆಯದು ಎನ್ನುವ ಎಷ್ಟೋ ಹೆಂಗಸರಿದ್ದಾರೆ. ಹೊಟ್ಟೆ ತುಂಬ ಉಂಡರೆ ಕೂಸಿಗೆ ಜಾಗ ಎಲ್ಲಿ? ನಮ್ಮಜ್ಜಿಯದೂ ಇದೇ ವಾದ. ಸಣ್ಣ ಕೂಸು, ಸಲೀಸು ಹೆರಿಗೆ. ಸಿಸೇರಿಯನ್ ಇಲ್ಲದ ಊರಿನಲ್ಲಿ ಈ ಮಾತಿಗೆ ಅದರದೇ ಆದ ವಿವೇಕವಿತ್ತು ಎಂದು ನನಗನಿಸುತ್ತದೆ.

ಕೂಸಿನ ತೂಕವನ್ನು ಅದರ ಮುಂದಿನ ಆಯುಷ್ಯಕ್ಕೆ ಗಂಟುಹಾಕಿದ ಸಂಶೋಧನೆಯ ಒಂದು ಕೊಂಡಿ ನಮ್ಮ ಮೈಸೂರಿನಲ್ಲೇ ಇದೆ. ಊರವರು ಮಿಷನ್ ಆಸ್ಪತ್ರೆ ಎನ್ನುವ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಶಿಶುಗಳ ತೂಕ, ಉದ್ದ, ತಲೆಯ ಸುತ್ತಳತೆ ದಾಖಲಾಗಿವೆ. ಇಂಗ್ಲೆಂಡಿನ ಡೇವಿಡ್ ಬಾರ್ಕರ್, ಕ್ಯಾರೊಲಿನ್ ಫಾಲ್ ಮುಂತಾದವರು ಇಲ್ಲಿನ ವೈದ್ಯರ ಜೊತೆ ಸೇರಿ, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿದ್ದ 517 ಜನರನ್ನು ಹುಡುಕಿ ಪರೀಕ್ಷಿಸಿದರು. 1996ರಲ್ಲಿ ಪ್ರಕಟವಾದ ಫಲಿತಾಂಶ ಹೀಗಿದೆ: ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ನೂರಕ್ಕೆ 11 ಮಂದಿಗೆ ಹೃದಯದ ಕಾಯಿಲೆ, 3.1 ಕಿಲೋ ಮೀರಿದವರಲ್ಲಿ ನೂರಕ್ಕೆ 3. ಮಹತ್ವದ ಕೆಲಸ, ಅನುಮಾನವಿಲ್ಲ. ಆದರೆ ಬಸುರಿಯ ಹೆಗಲಿಗೆ ಇನ್ನೊಂದು ಭಾರವೂ ಬಿತ್ತು: ಕೂಸು ಉಳಿದರೆ ಸಾಲದು, ಅದರ ನಲವತ್ತೈದನೆಯ ವಯಸ್ಸಿನ ಎದೆಬಡಿತಕ್ಕೂ ಅವಳೇ ಉತ್ತರ ಹೇಳಬೇಕು. ಆ ದಾಖಲೆಗಳನ್ನು ಆಧರಿಸಿದ ಪ್ರಬಂಧಗಳನ್ನು ಓದುವಾಗೆಲ್ಲ ನಾನು ಹುಡುಕುವುದು ಒಂದನ್ನೇ. ಮೂರುವರೆ ಪೌಂಡಿನ ಕೂಸನ್ನು ಎತ್ತಿಕೊಂಡ ಆ ಹೆಂಗಸು ಏನೆಂದಳು? ಅದಕ್ಕೆ ಕಾಲಂ ಇಲ್ಲ.

ಅಕ್ಕನ ಬಳಿ ಒಂದು ಕಾಲಂ ಇತ್ತು. ಕೂಸಿನ ಒದೆತ ಎಣಿಸಿ ಬರೆಯಿರಿ ಎಂದಿದ್ದರು ನರ್ಸ್. ಹತ್ತು ಆಗುವವರೆಗೆ ಎಣಿಸುವ ಈ ಕ್ರಮ 1976ರಲ್ಲಿ ವೇಲ್ಸ್‌ನ ಕಾರ್ಡಿಫ್‌ನಿಂದ ಬಂದದ್ದು. ಯಂತ್ರ ಬೇಡ, ತಾಯಿಯ ಗಮನವೇ ಸಾಕು. ಅಕ್ಕ ಹಾಲಿನ ಲೆಕ್ಕದ ಹಳೆಯ ಪುಸ್ತಕದಲ್ಲಿ ದಿನಕ್ಕೊಂದು ಸಾಲು ಮಾಡಿ ಗೆರೆ ಎಳೆಯುತ್ತಿದ್ದಳು. ದೂರದೂರಿನಲ್ಲಿದ್ದ ಭಾವ ಪ್ರತಿ ಸಂಜೆ ಫೋನಿನಲ್ಲಿ ಕೇಳುತ್ತಿದ್ದುದು ಒಂದೇ ಮಾತು: 'ಇವತ್ತು ಎಷ್ಟು?'

ಮೂವತ್ತೈದನೆಯ ವಾರ ಸಿಸೇರಿಯನ್ ಆಯಿತು. 1640 ಗ್ರಾಂ. ಹದಿನೆಂಟು ದಿನ ಎದೆಗೆ ಕಟ್ಟಿಕೊಂಡು ಸಾಕಿದರು, ಭಾವನೂ ಅಂಗಿ ಬಿಚ್ಚಿ ಕೂತ. ಈಗ ಅವಳು ಬಾಗಿಲು ಹಿಡಿದು ನಿಲ್ಲುತ್ತಾಳೆ.

ಆ ಪುಸ್ತಕವನ್ನು ಮೊನ್ನೆ ಅಕ್ಕನಿಂದ ಕೇಳಿ ತಂದೆ. ಒಂದು ದಿನದ ಸಾಲಿನಲ್ಲಿ ಎಂಟು ಗೆರೆಗಳಿವೆ, ಒಂಬತ್ತನೆಯದನ್ನು ಎಳೆದು ಹೊಡೆದುಹಾಕಿದ್ದಾಳೆ. ಯಾಕೆ ಎಂದು ಕೇಳಿದೆ.

'ಅದು ಒದ್ದದ್ದೋ ನನ್ನ ಆಸೆಯೋ ಗೊತ್ತಾಗಲಿಲ್ಲ ಕಣೇ' ಎಂದಳು.