ತೋಪಿನೊಳಗಿನ ಹತ್ತು ಸಿಪಾಯಿಗಳು

ಕಳೆದ ದಸರೆಗೆ ಕೆ.ಆರ್.ಪೇಟೆಯ ಅಜ್ಜಿ ಮನೆಯಲ್ಲಿ ಗೊಂಬೆ ಕೂರಿಸಿದ್ದರು. ಪಾಂಡವಪುರದಿಂದ ಬಂದಿದ್ದ ಅಕ್ಕನ ಮಗ, ಪಟ್ಟದ ಗೊಂಬೆಗಳ ಕೆಳಗೆ, ಶೆಟ್ಟರ ದಿನಸಿ ಅಂಗಡಿಯ ಪಕ್ಕದಲ್ಲಿ, ತನ್ನ ಹಸಿರು ಪ್ಲಾಸ್ಟಿಕ್ ಸೈನಿಕರನ್ನು ನಿಲ್ಲಿಸಿಬಿಟ್ಟಿದ್ದ. "ದೇವ್ರ ಮುಂದೆ ಬಂದೂಕ ಯಾಕೋ ಮಗ?" ಎಂದು ಅಜ್ಜಿ ತೆಗೆಸಿದರು. ಆ ಸೈನಿಕರು ನನ್ನ ಕೋಣೆಗೆ ಬಂದರು. ಹದಿನೆಂಟನೆಯ ಶತಮಾನದ ಮೈಸೂರಿನ ಯುದ್ಧಗಳ ಮೇಲೆ ಪಿಎಚ್‌ಡಿ ಮಾಡುತ್ತಿರುವ ನಾನು ಆಟಕ್ಕೆ ಕೂತದ್ದು ಹಾಗೆ.

ಗೊಂಬೆಗಳಲ್ಲಿ ಯುದ್ಧ ಆಡುವುದು ಹೊಸದೇನಲ್ಲ. ಪ್ರಷ್ಯಾದ ಸೇನೆ 1824ರಲ್ಲೇ ಇಂಥ ಆಟವನ್ನು ಅಧಿಕಾರಿಗಳ ತರಬೇತಿಗೆ ಬಳಸತೊಡಗಿತ್ತು. ಎಚ್. ಜಿ. ವೆಲ್ಸ್ 1913ರಲ್ಲಿ ಮನೆಯ ನೆಲದ ಮೇಲೆ ಆಡುವ ನಿಯಮಗಳನ್ನು ಪುಸ್ತಕವಾಗಿಸಿದ. ಇವತ್ತಿನ ಯುದ್ಧವನ್ನು ಆಡುವ ಸಣ್ಣ ಕಾಳಗದ ಆಟಗಳಿಗೆ ದೊಡ್ಡ ಸೇನೆ ಬೇಡ. ಒಂದು ಕಡೆಗೆ ಹತ್ತು ಗೊಂಬೆ, ಎರಡು ದಾಳ, ಒಂದು ಅಳತೆ ಟೇಪು, ಮೂರಡಿ ಚದರದ ಜಾಗ ಸಾಕು. ಪ್ರತಿ ಗೊಂಬೆಯೂ ತನ್ನ ಸರದಿಯಲ್ಲಿ ನಡೆಯಬೇಕು, ಇಲ್ಲವೇ ಗುಂಡು ಹಾರಿಸಬೇಕು. ಕಣ್ಣಿಗೆ ಕಾಣದವನಿಗೆ ಗುರಿಯಿಡುವಂತಿಲ್ಲ. ಗೋಡೆಯ ಮರೆಯಲ್ಲಿರುವವನು ಸುಲಭಕ್ಕೆ ಸಾಯುವುದಿಲ್ಲ.

ಎರಡು ದಿನ ಹೀಗೆ ಆಡಿದ ಮೇಲೆ ನಾನು ಅದೇ ಗೊಂಬೆಗಳನ್ನು 1799ಕ್ಕೆ ಒಯ್ದೆ. ಹುಡುಗ ತಕ್ಷಣ ಕೇಳಿದ: "ಇವ್ರು ಯಾಕೆ ಅವಿತುಕೊಳ್ಳಲ್ಲ, ಸಾಲಾಗಿ ನಿಂತವ್ರೆ?" ಆಗಿನ ಬಂದೂಕಿನ ನಳಿಗೆ ನುಣುಪು, ನೂರು ಗಜ ದಾಟಿದರೆ ಗುರಿ ನೆಚ್ಚುವಂತಿರಲಿಲ್ಲ. ನಿಮಿಷಕ್ಕೆ ಎರಡು ಮೂರು ಸುತ್ತು ಹಾರಿಸಿದರೆ ಹೆಚ್ಚು. ಆದ್ದರಿಂದ ಒಟ್ಟಿಗೆ ನಿಂತು ಒಟ್ಟಿಗೆ ಹಾರಿಸಬೇಕಿತ್ತು. ಆದರೆ ಕತ್ತಲಲ್ಲಿ, ಮರಗಳ ನಡುವೆ, ಈ ಸಾಲು ಏನಾಗುತ್ತದೆ? ಇದಕ್ಕೆ ಉತ್ತರ ಶ್ರೀರಂಗಪಟ್ಟಣದ ಹೊರಗೇ ಇದೆ.

1799ರ ಏಪ್ರಿಲ್ 5ರ ರಾತ್ರಿ. ಜನರಲ್ ಹ್ಯಾರಿಸ್‌ನ ಸೇನೆ ಕೋಟೆಯ ಹೊರಗೆ ಬೀಡುಬಿಟ್ಟಿತ್ತು. ನಡುವೆ ಸುಲ್ತಾನ್‌ಪೇಟೆಯ ತೋಪು. ಒಳಗೆಲ್ಲ ನೀರಿನ ಕಾಲುವೆಗಳು. ಅಲ್ಲಿಂದ ಟಿಪ್ಪುವಿನ ಸಿಪಾಯಿಗಳು ಬಾಣಗಳನ್ನು, ಅಂದರೆ ಕಬ್ಬಿಣದ ಕೊಳವೆಯ ರಾಕೆಟ್‌ಗಳನ್ನು, ಹಾರಿಸುತ್ತಿದ್ದರು. ತೋಪನ್ನು ಹಿಡಿಯಲು ಹೊರಟವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ, 1815ರಲ್ಲಿ ವಾಟರ್ಲೂನಲ್ಲಿ ನೆಪೋಲಿಯನ್‌ನನ್ನು ಸೋಲಿಸಿದವನು. ಹಗಲಿನಲ್ಲಿ ಆ ಜಾಗವನ್ನು ಅವನು ಸರಿಯಾಗಿ ನೋಡಿರಲಿಲ್ಲ. ಅವನ 33ನೇ ರೆಜಿಮೆಂಟ್ ಕತ್ತಲಲ್ಲಿ ದಿಕ್ಕು ತಪ್ಪಿ ಚದುರಿತು. ಮೊಣಕಾಲಿಗೆ ಗುಂಡು ತಾಗಿ, ದಾಳಿ ವಿಫಲವಾಗಿ, ಅವನು ಹಿಂದಿರುಗಿದ. ಹನ್ನೆರಡು ಮಂದಿ ಸೆರೆಸಿಕ್ಕರು. ಅವರನ್ನು ಕೊಲ್ಲಲಾಯಿತೆಂದು ಬ್ರಿಟಿಷ್ ಬರಹಗಳು ಹೇಳುತ್ತವೆ. ಹಗಲಲ್ಲಿ ನೋಡಿಕೊಳ್ಳದ ನೆಲೆಯ ಮೇಲೆ ಇನ್ನೆಂದೂ ರಾತ್ರಿ ದಾಳಿ ಮಾಡುವುದಿಲ್ಲವೆಂದು ವೆಲ್ಲೆಸ್ಲಿ ಆಮೇಲೆ ತನ್ನ ಅಣ್ಣನಿಗೆ ಬರೆದ. ಮರುದಿನ ಬೆಳಿಗ್ಗೆ ಹೆಚ್ಚಿನ ಪಡೆಯೊಂದಿಗೆ ಹೋಗಿ ತೋಪನ್ನು ವಶಪಡಿಸಿಕೊಂಡ.

ನಾವು ಅದನ್ನು ಚಾಪೆಯ ಮೇಲೆ ಆಡಿದೆವು. ಹಸಿರು ರವಿಕೆಬಟ್ಟೆ ತೋಪು, ನೀಲಿ ದಾರ ಕಾಲುವೆ. ರಾತ್ರಿಯಾದ್ದರಿಂದ ಆರು ಅಂಗುಲದಾಚೆ ಏನೂ ಕಾಣದೆಂದು ನಿಯಮ ಮಾಡಿದೆ. ದಾಳದಲ್ಲಿ ಒಂದು ಬಿದ್ದರೆ ಗೊಂಬೆ ದಾರಿ ತಪ್ಪುತ್ತದೆ. ವೆಲ್ಲೆಸ್ಲಿಯಾಗಿ ಆಡಿದ ನಾನು ಅರ್ಧ ಗಂಟೆಯಲ್ಲಿ ಸೋತೆ. ಪ್ರಬಂಧದಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದ ರಾತ್ರಿ ಅದು.

ಗೊಂಬೆಗಳಿಗೆ ಹೆಸರಿನ ಚೀಟಿ ಅಂಟಿಸುವುದು ಇಂಥ ಆಟದ ರೂಢಿ. ನನ್ನ ಕಡೆಯ ಚೀಟಿಗಳಲ್ಲಿ ವೆಲ್ಲೆಸ್ಲಿ, ಸತ್ತ ಲೆಫ್ಟಿನೆಂಟ್ ಫಿಟ್ಜ್‌ಜೆರಾಲ್ಡ್ ಎಂದು ಬರೆದೆ. ಹುಡುಗ ತನ್ನ ಹತ್ತು ಗೊಂಬೆಗಳನ್ನು ಮುಂದಿಟ್ಟ. "ಮಾವ, ಗೆದ್ದವ್ರು ನಮ್ಮೋರು. ಇವ್ರ ಹೆಸ್ರೇನು?"

ನನ್ನ ಟಿಪ್ಪಣಿಗಳಲ್ಲಿ ಆ ರಾತ್ರಿ ಗೆದ್ದವರದು ಒಂದೂ ಹೆಸರಿರಲಿಲ್ಲ. ಸೆರೆಸಿಕ್ಕ ಹನ್ನೆರಡು ಮಂದಿ ಬಿಳಿಯರೂ ನನ್ನ ಕಡತದಲ್ಲಿ ಬರೀ ಸಂಖ್ಯೆಯೇ. ನಾಲ್ಕು ವರ್ಷ ನಕ್ಷೆಯ ಮೇಲೆ ಬಾಣದ ಗುರುತು ಎಳೆದು ಸೇನೆಗಳನ್ನು ನಡೆಸಿದ್ದ ನನಗೆ ಈ ಪ್ರಶ್ನೆ ಹೊಳೆದಿರಲಿಲ್ಲ. ಸೇನೆಗೆ ಹೆಸರಿದ್ದರೆ ಸಾಕೆಂದುಕೊಂಡಿದ್ದೆ.

"ಬೋರ, ಕೆಂಚ, ಹುಸೇನಿ ಅಂತ ಇಟ್ಬಿಡ್ಲಾ?" ಎಂದ. ಆಟಕ್ಕೆ ಆಗಬಹುದಿತ್ತು. ಆದರೆ ಇಲ್ಲದ ಹೆಸರನ್ನು ನಾವೇ ಕೊಟ್ಟರೆ, ಹೆಸರು ಕಳೆದುಹೋಗಿದೆ ಎಂಬ ಸಂಗತಿಯೂ ಕಳೆದುಹೋಗುತ್ತದೆ. ಚೀಟಿ ಅಂಟಿಸಿ ಖಾಲಿ ಬಿಡೋಣ ಎಂದೆ.

ಇನ್ನೂ ಒಂದು ಗೊಂಬೆ ಕಡಿಮೆಯಿತ್ತು. ತೋಪು ಬೆಳೆಸಿದವನದು. ಮೂರನೇ ಮೈಸೂರು ಯುದ್ಧದಲ್ಲಿ ಮರಾಠರ ಸೇನೆ ನಾಗಮಂಗಲವನ್ನು ಹಾಳುಗೆಡವಿತು. ಅಲ್ಲಿ ಮರ ನೆಟ್ಟವರ, ಕಾಲುವೆ ತೋಡಿದವರ ಗೊಂಬೆ ಸೈನಿಕರ ಪೊಟ್ಟಣದಲ್ಲಿ ಸಿಗುವುದಿಲ್ಲ. ಅಜ್ಜಿಯ ಮೆಟ್ಟಿಲಿನಿಂದ ಒಬ್ಬ ರೈತನನ್ನು ಎರವಲು ತಂದು ಹಸಿರು ಬಟ್ಟೆಯ ಮೇಲೆ ನಿಲ್ಲಿಸಿದೆವು. ಅವನಿಗೆ ಗುಂಡು ಹಾರಿಸುವ ಸರದಿಯಿಲ್ಲ, ತಪ್ಪಿಸಿಕೊಳ್ಳುವ ಸರದಿ ಮಾತ್ರ.

ಆಮೇಲೊಂದು ಭಾನುವಾರ ಅವನನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಕರೆದೊಯ್ದೆ. 1780ರ ಪೊಳ್ಳಿಲೂರು ಕದನದ ಚಿತ್ರವಿರುವ ಗೋಡೆಯ ಮುಂದೆ ನಿಂತೆವು. ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ. ಸುತ್ತ ಸಾಲುಸಾಲು ಸೈನಿಕರು. ಬೈಲಿಯ ಹೆಸರನ್ನು ಎಲ್ಲ ಗೈಡ್‌ಗಳೂ ಹೇಳುತ್ತಾರೆ. ಹುಡುಗ ಸಾಲಿನ ಕೊನೆಯವನೊಬ್ಬನನ್ನು ಬಹಳ ಹೊತ್ತು ನೋಡುತ್ತಿದ್ದ.

"ಇವ್ನಿಗೂ ಖಾಲಿ ಚೀಟಿನೇ ಅಲ್ವಾ ಮಾವ?"

ಹೌದು ಎಂದೆ. ಆ ವಾರ ಪ್ರಬಂಧದ ಮೂರನೇ ಅಧ್ಯಾಯವನ್ನು ಮತ್ತೆ ಬರೆಯಲು ಕೂತೆ.