ಕೋಕೋ ಕದಿಯೋಕೆ ಬಂದ ಏಲಿಯನ್

ಕೌಲಾಲಂಪುರದಲ್ಲಿ ಗೆಳೆಯನ ಮನೆಗೆ ಹೋಗಿದ್ದೆ. ಮಕ್ಕಳು 'ಬೊಬೊಯ್‌ಬಾಯ್' ಹಾಕ್ಕೊಂಡು ಕೂತಿದ್ರು. 2011ರಲ್ಲಿ ಟಿವಿ3 ವಾಹಿನಿಯಲ್ಲಿ ಶುರುವಾದ, ಅಪ್ಪಟ ಮಲೇಷಿಯಾದ ಸೈನ್ಸ್ ಫಿಕ್ಷನ್ ಕಾರ್ಟೂನ್ ಇದು. ಅಡು ಡು ಅನ್ನೋ ಹಸಿರು ಏಲಿಯನ್ ಭೂಮಿಗೆ ಬರೋದು ಯಾಕೆ ಗೊತ್ತಾ? ಕೋಕೋಗೆ! ಅವನಿಗೆ ಅದೇ ಇಂಧನ.

"ಅಮ್ಮಾ, ನಮ್ಮ ಮೈಲೋ ಡಬ್ಬಿ ಬಚ್ಚಿಡು!" ಅಂತ ಮಗ ಕೂಗಿದ. ಎಲ್ಲರೂ ಬಿದ್ದು ಬಿದ್ದು ನಕ್ಕೆವು.

ಆದರೆ ಈ ತಮಾಷೆಯ ಹಿಂದೆ ಇತಿಹಾಸವೂ ಇದೆ, ನೋಡಿ. 1990ರ ಸುಮಾರಿಗೆ ಮಲೇಷಿಯಾ ವರ್ಷಕ್ಕೆ 2 ಲಕ್ಷ ಟನ್ನಿಗೂ ಹೆಚ್ಚು ಕೋಕೋ ಬೆಳೆಯುತ್ತಿತ್ತು. ಆಮೇಲೆ ಬೆಲೆ ಕುಸಿಯಿತು, ಎಷ್ಟೋ ತೋಟಗಳಿಗೆ ತಾಳೆ ಬಂತು. ಅದಕ್ಕೂ ಬಹಳ ಹಿಂದೆ ಹೊರಗಿನವರು ಈ ನೆಲಕ್ಕೆ ಬಂದದ್ದು ತವರಕ್ಕೆ, ರಬ್ಬರಿಗೆ. ರಬ್ಬರ್ ತೋಟಗಳಲ್ಲಿ ದುಡಿಸಲು ಬ್ರಿಟಿಷರು ದಕ್ಷಿಣ ಭಾರತದಿಂದ, ಹೆಚ್ಚಾಗಿ ತಮಿಳು ನಾಡಿನಿಂದ, ಕೂಲಿಯಾಳುಗಳನ್ನು ಹಡಗಿನಲ್ಲಿ ತಂದರು.

ಕಾರ್ಟೂನಿನ ಗೋಪಾಲ್ ಮಲೇಷಿಯಾದ ಭಾರತೀಯ ಹುಡುಗ. ಪುಕ್ಕಲ, ತಿಂಡಿಪೋತ. ಮಾತೆತ್ತಿದರೆ "ಡೇಯ್!" ಅಂತಾನೆ, ನಮ್ಮ "ಲೇ" ಇದ್ದ ಹಾಗೆ.

"ಅಪ್ಪಾ, ಇವನು ನಮ್ಮವನಾ?" ಮಗಳು ಕೇಳಿದಳು.

ಗೆಳೆಯ ತುಸು ತಡೆದು, "ಹೌದು ಪುಟ್ಟಿ. ಆದ್ರೆ ನಾವು ಕೆಲಸದ ವೀಸಾ ಹಿಡಿದು ವಿಮಾನದಲ್ಲಿ ಬಂದ್ವಿ. ಅವರು ಹಾಗೆ ಬರಲಿಲ್ಲ" ಅಂದ.

ಮುಂದಿನ ಸಲ ಗೋಪಾಲನನ್ನು ನೋಡಿ ನೀವೂ ಮಕ್ಕಳ ಜೊತೆ ನಗಿ. ನಕ್ಕಾದ ಮೇಲೆ, ಅಂಥವರ ಮುತ್ತಜ್ಜಂದಿರು ಬಂದ ಹಡಗಿನ ಕಥೆಯನ್ನೂ ಹೇಳಿ.